ಸಾವಕಾರರ ಜೀಪು ಚಾಲೂ ಆದದ್ದು

ಬೆಳಿಗ್ಗೆ ಆರೂವರೆಗೆ ಬಾಬಾಸಾಹೇಬ ಪಾಟೀಲರು ಲಗಮಣ್ಣನ ಗ್ಯಾರೇಜಿಗೆ ಬಂದು ಒಂದು ಗೋಣಿಚೀಲವನ್ನು ದಡಕ್ಕನೆ ನೆಲಕ್ಕೆ ಸುರುವಿದರು.

“ತಗೋ ಲಗಮಣ್ಣಾ, ಜೀಪಿನ ಸಾಮಾನು. ಕೋಲ್ಹಾಪುರಕ್ಕ ಹೋಗಿ ನಾನಽ ಆರಿಸಿ ತಂದೇನಿ. ಇದನ್ನಽ ಹಚ್ಚಬೇಕು. ಬ್ಯಾರೆ ಒಂದು ಮೊಳಿ ಸುದ್ದಾ ಹಚ್ಚಬಾರದು.”

ಗಡಹಿಂಗ್ಲಜದಲ್ಲಿ ಲಗಮಣ್ಣ ಹನ್ನೆರಡು ವರ್ಷ ನೀರೆತ್ತುವ ಆಯಿಲ್ ಇಂಜನ್ನುಗಳನ್ನೇ ರಿಪೇರಿ ಮಾಡಿದವನು. ಅರವತ್ನಾಲ್ಕನೆಯ ಇಸವಿಯ ಯುಗಾದಿಗೆ ಧೈರ್ಯ ಮಾಡಿ ‘ಮೋಟರ್ ಗ್ಯಾರೇಜ್’ ಎಂದು ಬೋರ್ಡು ಬರೆಸಿದ್ದ. ಆ ಬೋರ್ಡು ನೋಡಿ ಬಂದ ಮೊದಲನೆಯ ಮೋಟಾರು ಈ ಜೀಪು. ಮಿಲಿಟರಿಯವರು ಹರಾಜು ಹಾಕಿದ್ದು. ಮೂರು ದಿನದಿಂದ ಇಂಜನ್ನು ಬಿಚ್ಚಿಸಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕುಳಿತ ಮುದುಕನ ಹಾಗೆ ನಿಂತಿತ್ತು. ಇದು ಓಡಿದರೆ ಲಗಮಣ್ಣ ಮೋಟರ್ ಮಿಸ್ತ್ರಿ. ಓಡದಿದ್ದರೆ ಮತ್ತೆ ಬಾವಿಯ ದಂಡೆಯೇ ಗತಿ.

ಲಗಮಣ್ಣ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಜೀಪಿನ ಇಂಜನ್ನಿಗೆ ತೂತು ನಾಲ್ಕು, ಅದರ ಮೇಲೆ ಸರಿಯಾಗಿ ಕೂಡಬೇಕಾದ ಗ್ಯಾಸ್ಕೆಟ್ಟಿಗೆ ಆರು. ಕಾರ್ಬ್ಯುರೇಟರು ಯಾವುದೋ ಮೋಟರ್‌ಸೈಕಲ್ಲಿನದು, ಸುಣ್ಣದ ಡಬ್ಬಿಯಷ್ಟಿತ್ತು. ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದು. ಇಡೀ ಜೀಪಿಗೇ ಸುತ್ತು ಹಾಕಿ ಗಂಟು ಕಟ್ಟಬಹುದಿತ್ತು. ಪ್ಲಗ್ಗುಗಳಲ್ಲಿ ಎರಡು ಉದ್ದ, ಎರಡು ಗಿಡ್ಡ, ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ.

“ಸಾವಕಾರ್ರ, ಇವು ಕುಂದ್ರಂಗಿಲ್ರಿ...”

“ಕೂತ್ರ ಕೂಡ್ರಸು, ಇಲ್ಲಾಂದ್ರ ಬಿಡು. ಗಡಿಬಿಡಿ ಏನೂ ಇಲ್ಲ,” ಎಂದು ಸಾವಕಾರರು ಹಾಡು ಗುನುಗುತ್ತಾ ಹೊರಟೇಹೋದರು.

ಎಂಥ ದೊಡ್ಡ ಮನುಷ್ಯ! ಲಗಮಣ್ಣನ ಕಣ್ಣು ತೇವವಾಯಿತು.

ಅವರು ತಿರುವಿನಲ್ಲಿ ಮರೆಯಾದರೋ ಇಲ್ಲವೋ, ಅವರ ಹೆಂಡತಿ ಜಿನಮತಿಬಾಯಿ ಬಸದಿಗೆ ಹೋಗುವ ದಾರಿಯಲ್ಲಿ ಗ್ಯಾರೇಜಿನ ಮುಂದೆ ನಿಂತರು.

“ಲಗಮಣ್ಣಾ, ಇವತ್ತ ನಾಕಕ್ಕ ಜೀಪು ಬೇಕಽ ಬೇಕು ನೋಡಪಾ. ಇಚಲಕರಂಜ್ಯಾಗ ನಮ್ಮ ಅಣ್ಣನ ಹೊಸಾ ಮನಿ ವಾಸ್ತುಶಾಂತಿ. ಹೊತ್ತು ಮುಳುಗೂದ್ರಾಗ ಅಲ್ಲಿ ಊಟ ಆಗಬೇಕು. ನೀ ಇದ್ದಿ ಅಂತ ನಿಶ್ಚಿಂತಿ ಆಗೇನಿ.”

“ಆತ್ರಿ ವೈನಿ,” ಎಂದಿತು ಲಗಮಣ್ಣನ ನಾಲಿಗೆ, ಅವನನ್ನು ಕೇಳದೆಯೇ.

ಇಷ್ಟಾದ ಮೇಲೆ ಓಣಿ ಸುಮ್ಮನಿರುತ್ತದೆಯೇ? ಎದುರಿನ ಚಹಾದಂಗಡಿಯ ರಂಗುಬಾಯಿ ಕೈಯಲ್ಲಿ ಕಿಟ್ಲಿ ಹಿಡಿದೇ ಬಂದಳು. ಪಕ್ಕದ ಟೇಲರ್ ಧೊಂಡಿಬಾ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದು ಗ್ಯಾಸ್ಕೆಟ್ಟಿನ ಅಳತೆ ತೆಗೆದುಕೊಂಡ.

“ಎರಡು ತೂತು ಹೆಚ್ಚಿಗಿ ಅದಾವ, ಇಷ್ಟಽ ಹೌದಲ್ಲೊ? ಕತ್ತರಿ ಕೊಡ್ತೇನಿ, ಕತ್ತರಿಸಿ ಒಗಿ. ಅಂಗಿ ದೊಡ್ಡದಾದ್ರ ನಾ ಏನ್ ಮಾಡ್ತೇನಿ?”

“ಇದು ಅಂಗಿ ಅಲ್ಲೊ ಮಾರಾಯಾ!”

“ಅರೇ ಬಾಬಾ, ಅಳತಿ ಅಂದ್ರ ಅಳತಿ!”

ರಂಗುಬಾಯಿ ಮಾತ್ರ ಸೊಂಟದ ಮೇಲೆ ಕೈಯಿಟ್ಟಳು. “ತಮ್ಮಾ, ಇದು ಚಾಲೂ ಆಗಲಿಲ್ಲಂದ್ರ ನಾಳಿ ನನ್ನ ಅಂಗಡ್ಯಾಗ ಮಂದಿ ಏನಂತಾರ? ಬೋರ್ಡು ಮೋಟರಿಂದು, ಕೈ ಪಂಪಿಂದು ಅಂತಾರ.”

ಆ ಮಾತು ನಾಟಿತು. ಲಗಮಣ್ಣ ತನ್ನ ಸೈಕಲ್ಲನ್ನು ಏಳು ಗಂಟೆಯ ಎಸ್.ಟಿ. ಬಸ್ಸಿನ ಟಪ್ಪಿನ ಮೇಲೆ ಹೇರಿ ಕೋಲ್ಹಾಪುರಕ್ಕೆ ಹೊರಟ. ಮಾವ ಕೊಟ್ಟ ಸೈಕಲ್ಲು. ದಸರೆಗೊಮ್ಮೆ ಹೆಂಡತಿ ಹಿರಾಬಾಯಿ ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದಳು. ಹಳೆಯ ಮೋಟರ್ ಸಾಮಾನು ಮಾರುವವನೊಬ್ಬ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆಲ್ಲು ಹೊಡೆದು ನೋಡಿ, ಬದಲಿಗೆ ನಾಲ್ಕು ತೂತಿನ ಗ್ಯಾಸ್ಕೆಟ್ಟು, ಕಾರ್ಬ್ಯುರೇಟರು, ಬೆಲ್ಟು, ಒಂದೇ ತಾಯಿಯ ಮಕ್ಕಳಂಥ ನಾಲ್ಕು ಪ್ಲಗ್ಗು ಕೊಟ್ಟ.

ಮಧ್ಯಾಹ್ನ ಒಂದಕ್ಕೆ ಲಗಮಣ್ಣ ಗ್ಯಾಸ್ಕೆಟ್ಟನ್ನು ಎದೆಗವಚಿಕೊಂಡು, ಬೆಲ್ಟನ್ನು ಹೂವಿನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಬಸ್ಸಿಳಿದ. ಗ್ಯಾರೇಜಿಗೆ ಬಂದರೆ ಧೊಂಡಿಬಾ ಕತ್ತರಿ ಹಿಡಿದು ಬಾಗಿಲಲ್ಲೇ ಕುಳಿತಿದ್ದ. ಅವನನ್ನು ಹೊರಗೆ ದಬ್ಬಿ, ಚಿಲಕ ಹಾಕಿ, ಊಟ ಬಿಟ್ಟು ಮೂರು ತಾಸು ದುಡಿದ. ಸಾವಕಾರರ ಸಾಮಾನನ್ನು ಮತ್ತೆ ಗೋಣಿಚೀಲಕ್ಕೆ ತುಂಬಿ ಮೂಲೆಗೆ ತಳ್ಳಿದ.

ನಾಲ್ಕಕ್ಕೆ ಜಿನಮತಿಬಾಯಿ ರೇಷ್ಮೆ ಸೀರೆಯುಟ್ಟು ಮೂರು ಬುಟ್ಟಿಗಳೊಂದಿಗೆ ಬಂದರು. ಹಿಂದೆ ಬಾಬಾಸಾಹೇಬರು ಮನೆಯಲ್ಲಿ ಉಡುವ ಧೋತರದಲ್ಲೇ, ಅಡಿಕೆ ಅಗಿಯುತ್ತಾ ಆರಾಮವಾಗಿ ಬಂದರು. ಓಣಿಗೆ ಓಣಿಯೇ ನೆರೆಯಿತು.

ಲಗಮಣ್ಣ ಹ್ಯಾಂಡಲ್ ಹಾಕಿ ಒಂದೇ ಒಂದು ಸುತ್ತು ತಿರುಗಿಸಿದ. ಜೀಪು ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗುರ್ರೆಂದು ಎದ್ದಿತು. ಧೊಂಡಿಬಾ ಟೊಪ್ಪಿಗೆ ಹಾರಿಸಿದ. ರಂಗುಬಾಯಿ ಎಲ್ಲರಿಗೂ ಪುಕ್ಕಟೆ ಚಹಾ ಎಂದು ಕೂಗಿ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಬಾಬಾಸಾಹೇಬರ ಬಾಯಲ್ಲಿ ಅಡಿಕೆ ಮಾತ್ರ ಅಲ್ಲೇ ನಿಂತಿತು. ಅವರು ಲಗಮಣ್ಣನ ರಟ್ಟೆ ಹಿಡಿದು ಜೀಪಿನ ಹಿಂದಕ್ಕೆ ಎಳೆದೊಯ್ದರು.

“ಆರು ತೂತಿನ ಗ್ಯಾಸ್ಕೆಟ್ ಇದಕ್ಕ ಹೆಂಗ ಕೂತಿತೊ?”

ಲಗಮಣ್ಣ ಬೆಚ್ಚಿದ. “ಆರು ತೂತು ಅಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿರಲಾರದ ಏನೊ? ಎರಡು ದಿನಾ ಕೋಲ್ಹಾಪುರ ಪೂರಾ ತಿರಿಗಿ, ಯಾವ ಜೀಪಿಗೂ ಹತ್ತಲಾರದ್ದನ್ನಽ ಹುಡಿಕಿ ಹುಡಿಕಿ ತಂದಿದ್ದೆ! ಗಡಿಬಿಡಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ನಿಲ್ಲೊ? ನಿಮ್ಮ ವೈನಿಗೆ ಎಸ್.ಟಿ. ಹತ್ತಿದ್ರ ತಲಿ ತಿರಗತೈತಿ. ಜೀಪು ನಿಂತ್ರ ನಾ ಪಾರಾಗ್ತಿದ್ದೆ!”

“ಯಾಕ್ರಿ, ಯಾಕ ಪಾರಾಗಬೇಕು?”

ಬಾಬಾಸಾಹೇಬರು ಅತ್ತಿತ್ತ ನೋಡಿ ದನಿ ಇಳಿಸಿದರು. “ನಮ್ಮ ಮೇಹುಣಾ ಧರಣೇಂದ್ರ, ನಿಮ್ಮ ವೈನಿ ಅಣ್ಣ, ನಾಟಕ ಬರದಾನ. ಐದು ಅಂಕ. ಊಟ ಆದಮ್ಯಾಲೆ ಎಲ್ಲಾ ಪಾತ್ರದ ದನಿ ತಾನಽ ತಗದು ಓದ್ತಾನ. ಹೆಂಗಸರ ಪಾತ್ರ ಬಂದಾಗ ಅಳ್ತಾನ. ಹೋದ ವರ್ಷ ಎರಡು ಅಂಕ ಕೇಳಿ ಎಂಟು ದಿನಾ ಮಲಗಿದ್ದೆ.”

“ಸಾವಕಾರ್ರ, ನಾ ನನ್ನ ಸೈಕಲ್ ಕೊಟ್ಟು ಸಾಮಾನು ತಂದೇನ್ರಿ...”

“ನಿನ್ನ ಸೈಕಲ್ ಹೋತು, ನನ್ನ ನಿದ್ದಿ ಹೋತು,” ಎಂದು ಅವರು ಹಣೆ ಹಣೆ ಬಡಿದುಕೊಂಡರು.

ಅಷ್ಟರಲ್ಲಿ ಮುಂದಿನಿಂದ ಜಿನಮತಿಬಾಯಿಯ ದನಿ ಬಂತು. “ಲಗಮಣ್ಣಾ, ನೀನೂ ಹತ್ತಪಾ. ಹಾದ್ಯಾಗ ಗಾಡಿ ನಿಂತಗಿಂತ ಬಿಟ್ರ ನೀ ಬೇಕು. ನಮ್ಮ ಅಣ್ಣನೂ ಕೇಳಾವ್ರು ಯಾರರ ಇದ್ರ ಕರಕೊಂಡು ಬಾ ಅಂದಾನ.”

“ನನಗ ಕೆಲಸ ಐತ್ರಿ ವೈನಿ...”

ಜೀಪು ಚಾಲೂ ಆದ ಮೇಲೆ ಮೊದಲ ಬಾರಿಗೆ ಬಾಬಾಸಾಹೇಬರ ಮುಖ ಅರಳಿತು. “ಹತ್ತಽ ಬೇಕು! ನಟ್ಟನಡು ಮುಂದಿನ ಸಾಲಿನ್ಯಾಗ ಕುಂದ್ರಸ್ತೇನಿ ನಿನ್ನ!”

ರಂಗುಬಾಯಿ ಹಿಂದಿನಿಂದ ನೂಕಿದಳು, ಧೊಂಡಿಬಾ ಕಾಲೆತ್ತಿ ಒಳಗಿಟ್ಟ. ಎರಡು ಬುಟ್ಟಿಗಳ ನಡುವೆ ಲಗಮಣ್ಣ ಸಿಕ್ಕಿಕೊಂಡ. ಜೀಪು ಹೊರಟಿತು.

ನಿಪ್ಪಾಣಿ ದಾಟಿತು, ಕಾಗಲ ದಾಟಿತು. ಸುಳಕೂಡದ ಹತ್ತಿರ ಸ್ಟೇರಿಂಗ್ ಹಿಡಿದಿದ್ದ ಬಾಬಾಸಾಹೇಬರು ಆಸೆಯಿಂದ ಹಿಂದಕ್ಕೆ ತಿರುಗಿ ಪಿಸುಗುಟ್ಟಿದರು.

“ಲಗಮಣ್ಣಾ, ಇಂಜನ್ಯಾಗ ಏನರ ಸಪ್ಪಳಾ ಕೇಳಾಕತ್ತೈತೇನೊ?”

ಲಗಮಣ್ಣ ಕಿವಿಗೊಟ್ಟು ಆಲಿಸಿದ. ದೇವರಾಣೆ, ಇನ್ನೊಮ್ಮೆಯೂ ಆಲಿಸಿದ.

“ಇಲ್ರಿ ಸಾವಕಾರ್ರ,” ಎಂದ ಅಳುದನಿಯಲ್ಲಿ. “ಭಾಳ ಛಲೋ ಓಡಾಕತ್ತೈತಿ.”