ಹಸುವಿನ ಪಾತ್ರ ಕೈಬಿಟ್ಟ ಕೆಳಮನೆಯ ನಾಯಿಯವರಿಗೆ

ಮಾನ್ಯರೇ,

ಮೊದಲಿಗೆ ತಮ್ಮ ನಾಲ್ಕೂ ಕಾಲುಗಳಿಗೆ, ಸದಾ ತೇವವಾಗಿದ್ದು ಬಂದವರೆಲ್ಲರ ಯೋಗಕ್ಷೇಮ ವಿಚಾರಿಸುವ ಮೂಗಿಗೆ, ತಮ್ಮನ್ನು ಸಾಕಿದ ಟೈಲರಮ್ಮನವರ ಹೊಲಿಗೆ ಯಂತ್ರದ ಸದ್ದಿಗೆ ತಾಳ ಹಾಕುವ ಬಾಲಕ್ಕೆ ಮೇಲ್ಮನೆಯವಳ ಅನಂತ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ಇವತ್ತು ಬೆಳಿಗ್ಗೆಯೂ ತಾವು ಪೇಪರಿನವರನ್ನು ಗೇಟಿನಿಂದಾಚೆ ಬೀಳ್ಕೊಟ್ಟ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ನಾವು ಕ್ಷೇಮವೇ ಎಂದು ತಾವು ಕೇಳುವವರಲ್ಲ, ಆದರೂ ಹೇಳಿಬಿಡುತ್ತೇನೆ, ಅಷ್ಟೇನೂ ಇಲ್ಲ. ತಮಗೆ ಓದು ಬರುವುದಿಲ್ಲವೆಂದು ಕೆಲವರು ಆಡಿಕೊಳ್ಳುವುದರಿಂದ ಈ ಪತ್ರವನ್ನು ಮೆಟ್ಟಿಲ ಪಕ್ಕದ ಗೋಡೆಗೆ, ತಮ್ಮ ಮೂಗಿನ ಎತ್ತರಕ್ಕೇ ಅಂಟಿಸಿದ್ದೇನೆ. ಓದಲಾಗದಿದ್ದಲ್ಲಿ ದಯಮಾಡಿ ಮೂಸಿ ನೋಡುವುದು. ಹೋಗಿ ಬರುವವರು ಬಗ್ಗಿ ಓದಿಕೊಂಡರೆ ನನ್ನದೇನೂ ತಕರಾರಿಲ್ಲ.

ನನ್ನ ದೂರು, ಹೋದ ಭಾನುವಾರ ನಮ್ಮ ಕಟ್ಟಡದ ಹಿತ್ತಲಿನಲ್ಲಿ ನಡೆದ, ಅಲ್ಲಲ್ಲ, ನಡೆಯಬೇಕಾಗಿದ್ದ ನನ್ನ ಮಗಳ ಎಂಟನೆಯ ಹುಟ್ಟುಹಬ್ಬದ ಕುರಿತಾದದ್ದು. ತಮಗೆ ಗೊತ್ತಿರುವ ಸಂಗತಿಯನ್ನೇ ಹೇಳುತ್ತಿದ್ದೇನೆ, ಬೇಸರಿಸಬೇಡಿ. ನಾವು ಈ ಮನೆಗೆ ಬಂದದ್ದು, ಅವಳು ಹೊಸ ಶಾಲೆಗೆ ಸೇರಿದ್ದು ವರ್ಷದ ನಡುವೆ. ಅಷ್ಟರಲ್ಲಿ ತರಗತಿಯ ಮಕ್ಕಳೆಲ್ಲ ಜೋಡಿ ಜೋಡಿಯಾಗಿ ಬೆಂಚು ಹಂಚಿಕೊಂಡು ಆಗಿತ್ತು. ಸಂಜೆ ಬಂದವಳನ್ನು ಇವತ್ತು ಯಾರ ಜೊತೆ ಮಾತಾಡಿದೆ ಎಂದು ಕೇಳಿದರೆ, "ಟೀಚರ್ ಜೊತೆ. ಹಾಜರಿ ಕೂಗಿದಾಗ" ಎನ್ನುತ್ತಿದ್ದಳು. ಆಮೇಲೆ ಬ್ಯಾಗು ಬಿಸಾಕಿ ಕೆಳಗಿಳಿದು, ಮೆಟ್ಟಿಲ ಮೇಲೆ ತಮ್ಮ ಪಕ್ಕ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ತಾವು ಕೇಳಿದಿರಿ, ನಾನು ಕಿಟಕಿಯಿಂದ ನೋಡಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಊರ ಮಕ್ಕಳಿಗೆಲ್ಲ ಸರದಿ ಹಚ್ಚುವ ನನಗೆ, ನನ್ನ ಮಗುವಿಗೆ ಮಾತ್ರ ಎಲ್ಲೂ ಸರದಿ ಹಚ್ಚಲಾಗಲಿಲ್ಲ.

ಹಾಗಾಗಿ ಹುಟ್ಟುಹಬ್ಬಕ್ಕೆ ಇಡೀ ತರಗತಿಯನ್ನೇ ಕರೆದುಬಿಡೋಣ, ನಕ್ಕು ಕುಣಿದು ಕೇಕ್ ತಿಂದಮೇಲೆ ಯಾರಾದರೊಬ್ಬರು ಗೆಳತಿಯಾಗದೆ ಇರುತ್ತಾರೆಯೇ ಎಂದು ಯೋಚಿಸಿದೆ. ಎಂಥ ಪಾರ್ಟಿ ಬೇಕಮ್ಮ ಎಂದು ಕೇಳಿದ್ದಕ್ಕೆ ಅವಳು ಒಂದೇ ಉಸಿರಿಗೆ ಕೌಬಾಯ್ ಎಂದಳು. ಯಾಕೆಂದು ಕೇಳಿದರೆ, "ಕೌಬಾಯ್ ಬಯಲಲ್ಲಿ ಒಬ್ಬನೇ ಇರ್ತಾನೆ ಅಮ್ಮ, ಯಾರ ಜೊತೇನೂ ಮಾತಾಡಬೇಕಾಗಿಲ್ಲ. ಕುದುರೆ ಇದ್ರೆ ಸಾಕು" ಎಂದಳು. ಈ ಮಾತನ್ನು ನಾನು ಅಲ್ಲಿಯೇ ನಿಂತು ಕೇಳಿಸಿಕೊಳ್ಳಬೇಕಿತ್ತು. ನಾನೋ, ಟೋಪಿಗಳಿಗೆ ಎಷ್ಟು ರಟ್ಟು ಬೇಕಾದೀತೆಂದು ಲೆಕ್ಕ ಹಾಕತೊಡಗಿದ್ದೆ.

ಸುದ್ದಿ ಕೇಳಿ ನಮ್ಮ ಅತ್ತೆಯವರು ಕನ್ನಡಕ ತೆಗೆದಿಟ್ಟರು. ಕೌಬಾಯ್ ಅಂದರೆ ಏನೆಂದು ಬಿಡಿಸಿ ಹೇಳಿಸಿಕೊಂಡ ಮೇಲೆ, "ಅಂದ್ರೆ ದನ ಕಾಯೋನು! ನನ್ನ ಮಗ ಲೆಕ್ಕದಲ್ಲಿ ಕಮ್ಮಿ ತಗೊಂಡಾಗೆಲ್ಲ ದನ ಕಾಯೋಕೆ ಹೋಗು ಅಂತ ಬೈದು ಬೈದು ಓದಿಸಿದೆ. ಈಗ ಅದಕ್ಕೇ ಟೋಪಿ ಹಾಕಿ ಕೇಕ್ ಬೇರೆ ಕತ್ತರಿಸ್ತೀರಾ?" ಎಂದು ನಕ್ಕರು. ಅವರ ಮಗ, ಅಂದರೆ ನಮ್ಮ ಯಜಮಾನರು, ಆ ಹೊತ್ತಿಗೆ ಏನನ್ನೋ ಹುಡುಕುತ್ತಾ ಬಚ್ಚಲಮನೆಗೆ ಹೋದರು.

ಸಿದ್ಧತೆಯಲ್ಲಿ ನಾನು ಎಳ್ಳಷ್ಟೂ ಕಡಿಮೆ ಮಾಡಲಿಲ್ಲವೆಂಬುದಕ್ಕೆ ತಾವೇ ಸಾಕ್ಷಿ. ಕ್ಲಿನಿಕ್ಕಿಗೆ ಕೈಗವಸು ಬರುವ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದು, ಕೊಯ್ದು, ಹಸಿರು ಬಳಿದು ಪಾಪಾಸುಕಳ್ಳಿ ನಿಲ್ಲಿಸಿದೆ. ಬಟ್ಟೆ ಒಣಹಾಕುವ ಹಗ್ಗವನ್ನು ತುಂಡರಿಸಿ ಕೌಬಾಯ್‌ಗಳು ದನ ಹಿಡಿಯಲು ಬೀಸುವಂಥ ಕುಣಿಕೆಗಳನ್ನು ಕಟ್ಟಿದೆ, ಅದರಿಂದಾಗಿ ನಮ್ಮ ಮನೆಯ ಒದ್ದೆ ಟವೆಲುಗಳು ಇವತ್ತಿಗೂ ಕುರ್ಚಿಗಳ ಮೇಲೆಯೇ ಒಣಗುತ್ತಿವೆ. ನಾಲ್ಕೂವರೆಗೆ ಸ್ವಾಗತ, ಐದಕ್ಕೆ ಹಗ್ಗ ಬೀಸುವ ಆಟ, ಐದೂವರೆಗೆ ಕೇಕ್ ಎಂದು ವೇಳಾಪಟ್ಟಿ ಬರೆದು ಕಳ್ಳಿಯ ಹೊಟ್ಟೆಗೇ ಅಂಟಿಸಿದೆ. ಎಲ್ಲ ಆಯಿತು ಅನ್ನುವಾಗ ಒಂದು ಕೊರತೆ ಕಣ್ಣಿಗೆ ಹೊಡೆಯಿತು. ಬರುವ ಮಕ್ಕಳೆಲ್ಲ ದನ ಕಾಯುವವರು, ದನ ಮಾತ್ರ ಒಂದೂ ಇಲ್ಲ! ಯಜಮಾನರನ್ನು ಕೇಳಿದೆ, ಅವರಿಗೆ ತಕ್ಷಣ ಸೊಂಟ ಹಿಡಿದುಕೊಂಡಿತು. ಅತ್ತೆಯವರನ್ನು ಕೇಳುವಷ್ಟು ಧೈರ್ಯ ನನಗಿಲ್ಲ.

ಆಗ ನನ್ನ ದೃಷ್ಟಿ ತಮ್ಮ ಮೇಲೆ ಬಿತ್ತು. ಟೈಲರಮ್ಮನವರು ಒಪ್ಪಿದ್ದಷ್ಟೇ ಅಲ್ಲ, ಹಳೆಯ ಬಿಳಿ ದುಪ್ಪಟಿಗೆ ಕರಿ ಬಟ್ಟೆಯ ತೇಪೆ ಹಾಕಿ, ಕಾಲುಚೀಲಗಳಿಗೆ ಹತ್ತಿ ತುಂಬಿ ಕೊಂಬು ಮಾಡಿ, ಹೊಟ್ಟೆಯ ಅಳತೆ ತೆಗೆದುಕೊಂಡು ತಮಗೆ ಹಸುವಿನ ಉಡುಪು ಹೊಲಿದುಕೊಟ್ಟರು. "ಪಾಪದ್ದು ಕಣಮ್ಮ, ಯಾರ ತಂಟೆಗೂ ಹೋಗಲ್ಲ. ಇದರ ಅಪ್ಪ ಅಮ್ಮ ಕುರಿ ಕಾಯ್ತಿದ್ದ ಜಾತಿಯಂತೆ, ಇದಕ್ಕೆ ಮಾತ್ರ ನಿದ್ದೆ ಒಂದೇ ಕೆಲಸ" ಎಂದು ಹಲ್ಲಿನಲ್ಲಿ ದಾರ ಕಡಿಯುತ್ತಾ ಭರವಸೆಯನ್ನೂ ಕೊಟ್ಟರು. ಆ ಭರವಸೆ ನಂಬಿ ತಮ್ಮನ್ನು ಹಸುವಿನ ಹುದ್ದೆಗೆ ನೇಮಿಸಿದವಳು ನಾನೇ.

ಮಾನ್ಯರೇ, ತಾವು ಆ ಹುದ್ದೆಯಲ್ಲಿ ಇದ್ದದ್ದು ಒಂದು ಬಿಸ್ಕತ್ತು ತಿನ್ನುವಷ್ಟು ಹೊತ್ತು. ಒಂದು ಕೊಂಬು ಕಣ್ಣಿನ ಮೇಲೆ ಜೋತುಬಿದ್ದಿದ್ದರೂ ತಾವು ಹಿತ್ತಲಿನ ನಡುವೆ ಎಷ್ಟು ಗಂಭೀರವಾಗಿ ನಿಂತಿದ್ದಿರೆಂದರೆ, ನನಗೆ ಹೆಮ್ಮೆಯೆನಿಸಿತು. ಅಷ್ಟರಲ್ಲಿ ಮಕ್ಕಳು ಬಂದರು. ಬಂದರು ಎಂದರೆ ಸಾಲದು, ಚೀಲ ಹರಿದು ಕಾಳು ಚೆಲ್ಲಿದ ಹಾಗೆ ಹಿತ್ತಲ ತುಂಬ ಚೆಲ್ಲಿಹೋದರು. ಒಬ್ಬ ನೀರಿನ ಟ್ಯಾಂಕಿನ ಏಣಿಗೆ ಜೋತುಬಿದ್ದ, ಇಬ್ಬರು ಸ್ಕೂಟರ್ ಏರಿ ಕುದುರೆಯೆಂದರು, ಅವಳಿ ಸೋದರಿಯರು ಕೇಕಿನ ಡಬ್ಬದ ಮುಚ್ಚಳ ಎತ್ತಿದರು. ನಾನು ಕೊರಳಿನ ಸೀಟಿ ಊದಿದೆ. ಜಪ್ಪಯ್ಯ ಅಂದರೂ ಒಬ್ಬರೂ ತಿರುಗಿ ನೋಡಲಿಲ್ಲ. ಆಗ ತಾವು ಬಿಸ್ಕತ್ತಿನ ಕೊನೆಯ ಚೂರನ್ನು ನುಂಗಿ, ಎದೆಯನ್ನು ನೆಲಕ್ಕೆ ತಾಗಿಸಿ, ಕಣ್ಣು ಕಿರಿದು ಮಾಡಿ, ಆ ಗುಂಪನ್ನು ಒಮ್ಮೆ ಅಳೆದು ನೋಡಿದಿರಿ.

ಆಮೇಲೆ ನಡೆದದ್ದಕ್ಕೆ ನಾನು ಏನೆಂದು ಹೆಸರಿಡಲಿ! ಬೊಗಳಲಿಲ್ಲ, ಕಚ್ಚಲಿಲ್ಲ, ಯಾರನ್ನೂ ಬೀಳಿಸಲಿಲ್ಲ. ಸುತ್ತು ಹಾಕುತ್ತಾ ಹೋಗಿ ಒಬ್ಬೊಬ್ಬರ ಮಂಡಿಯ ಹಿಂಭಾಗಕ್ಕೆ ಆ ಒದ್ದೆ ಮೂಗನ್ನು ಒತ್ತಿದಿರಿ, ಅಷ್ಟೇ. ಏಣಿಯವನು ಕಿಲಕಿಲ ನಗುತ್ತಾ ಇಳಿದ. ಸ್ಕೂಟರಿನವರು ಇಳಿದರು. ಅವಳಿಗಳು ಮುಚ್ಚಳ ಬಿಟ್ಟು ಓಡಿದರು, ತಾವು ಆ ಕಡೆಯಿಂದ ಬಂದು ಈ ಕಡೆಗೇ ತಿರುಗಿಸಿದಿರಿ. ನೋಡನೋಡುತ್ತಿದ್ದಂತೆ ಹಗ್ಗ ಹಿಡಿದು ಬಂದ ಶೂರರೆಲ್ಲ ಕಾಂಪೌಂಡಿನ ಮೂಲೆಯಲ್ಲಿ ಒತ್ತೊತ್ತಾಗಿ ನಿಂತ ಮಂದೆಯಾದರು, ಹಸುವಿನ ವೇಷದಲ್ಲಿದ್ದ ತಾವು ಅವರೆದುರು ಕಾವಲಿಗೆ ನಿಂತಿರಿ. ಜ್ಯೂಸ್ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದ ಅತ್ತೆಯವರನ್ನೂ ಬಿಡಲಿಲ್ಲ. "ಅಯ್ಯಯ್ಯೋ, ನನ್ನನ್ನೂ ಕೊಟ್ಟಿಗೆಗೆ ಹೊಡೀತಿದೆಯಲ್ಲೇ ಇದು!" ಎಂದು ಕೂಗಿಕೊಂಡೇ ಅವರು ಮೂಲೆ ಸೇರಿದರು, ಒಂದು ತೊಟ್ಟೂ ಚೆಲ್ಲಲಿಲ್ಲವೆನ್ನಿ. ನನ್ನ ವೇಳಾಪಟ್ಟಿ ಮೂರಾಬಟ್ಟೆಯಾಯಿತು. ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ ಜನರನ್ನು ಸಾಲಾಗಿ ಕೂರಿಸಿದ ನನ್ನ ಹೆಗ್ಗಳಿಕೆಯನ್ನು ತಾವು ಒಂದು ಮೂಗಿನಲ್ಲಿ ಒರೆಸಿಹಾಕಿದಿರಿ.

ಇದೆಲ್ಲವನ್ನೂ ನಾನು ಕ್ಷಮಿಸಿಬಿಡುತ್ತಿದ್ದೆ. ಕ್ಷಮಿಸಲಾರದ್ದು ಇನ್ನು ಮುಂದಿನದು.

ಮೂಲೆ ತುಂಬಿದ ಮೇಲೂ ತಮಗೆ ಸಮಾಧಾನವಾಗಲಿಲ್ಲ. ತಲೆಯೆತ್ತಿ ಗಾಳಿ ಮೂಸಿದಿರಿ, ಮಂದೆಯನ್ನು ಮತ್ತೊಮ್ಮೆ ನೋಡಿದಿರಿ, ಏನೋ ಕಡಿಮೆಯಿದೆ ಎಂಬಂತೆ ಕುಂಯ್‌ಗುಟ್ಟಿದಿರಿ. ನಾನೂ ಅದೇ ಮಂದೆಯನ್ನು ನೋಡುತ್ತಿದ್ದೆ, ಕೇಕಿನ ತಟ್ಟೆ ಎಷ್ಟು ಬೇಕೆಂದು ತಲೆ ಎಣಿಸುತ್ತಿದ್ದೆ. ಊರವರ ಮಕ್ಕಳೆಲ್ಲರನ್ನೂ ಎಣಿಸಿದೆ, ಯಾರ ಹುಟ್ಟುಹಬ್ಬವೋ ಅವಳು ಅದರಲ್ಲಿಲ್ಲವೆಂದು ನನಗೆ ಹೊಳೆಯಲಿಲ್ಲ. ತಾವು ಆ ಮೂಲೆಯನ್ನು ಹಾಗೇ ಬಿಟ್ಟು ನೇರವಾಗಿ ಮೆಟ್ಟಿಲ ಕೆಳಗಿನ ಕತ್ತಲೆಗೆ ನುಗ್ಗಿದಾಗಲೇ ನಾನು ಎಣಿಕೆ ಬಿಟ್ಟು ಹಿಂದೆ ಓಡಿದ್ದು. ಅಲ್ಲಿ, ಮುರಿದ ಸೈಕಲಿನ ಹಿಂದೆ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ನನ್ನ ಮಗಳು ಮುದುಡಿ ಕೂತಿದ್ದಳು. ಅವಳಿಗೋಸ್ಕರವೇ ನೆರೆದ ಗದ್ದಲದಿಂದ ತಪ್ಪಿಸಿಕೊಂಡು ಎಷ್ಟು ಹೊತ್ತಿನಿಂದ ಕೂತಿದ್ದಳೋ ನನಗೆ ಗೊತ್ತಿಲ್ಲ. ಹೆತ್ತವಳಿಗೆ ಗೊತ್ತಿಲ್ಲದ್ದು ತಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಈಗಲಾದರೂ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಅವಳನ್ನು ಹೊರಡಿಸಲು ನಾನಾಗಿದ್ದರೆ ಮೊದಲು ಮುದ್ದು ಮಾಡುತ್ತಿದ್ದೆ, ಆಮೇಲೆ ಆಸೆ ತೋರಿಸುತ್ತಿದ್ದೆ, ಕೊನೆಗೆ "ಎಲ್ಲರೂ ನೋಡ್ತಿದ್ದಾರೆ, ಎದ್ದು ಬಾ" ಎಂದು ಹಲ್ಲು ಕಚ್ಚಿ ಪಿಸುಗುಟ್ಟುತ್ತಿದ್ದೆ. ತಿಂಗಳುಗಟ್ಟಲೆ ಅದನ್ನೇ ಮಾಡಿದವಳು ನಾನು. ತಾವು ಅವಳ ಮಂಡಿಗೂ ಎಲ್ಲರಿಗೆ ಒತ್ತಿದಷ್ಟೇ ಒತ್ತಿದಿರಿ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಎದ್ದಳು. ನಡುದಾರಿಯಲ್ಲಿ ನಿಂತಳು, ತಾವೂ ನಿಂತಿರಿ. ಅವಳು ಹೊರಟಳು, ತಾವೂ ಹೊರಟಿರಿ. ಮೂಲೆಯ ಹತ್ತಿರ ಬಂದಾಗ ಮುಂದಿನ ಹಲ್ಲು ಬಿದ್ದ ಒಬ್ಬಳು ಹುಡುಗಿ, "ನಿನ್ನೂ ಹಿಡ್ಕೊಂಡು ಬಂತಾ? ಬಾ ಬಾ, ಇಲ್ಲಿ ಜಾಗ ಇದೆ" ಎಂದು ಸರಿದು ಸೇರಿಸಿಕೊಂಡಳು. ಯಾರೂ ಅವಳನ್ನು ಹುಟ್ಟುಹಬ್ಬದ ಹುಡುಗಿಯೆಂದು ಮಾತಾಡಿಸಲಿಲ್ಲ, ಮಂದೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬಳೆಂದು ಮಾತಾಡಿಸಿದರು.

ಈಗ ಇದರಿಂದ ಬಿಡಿಸಿಕೊಳ್ಳೋದು ಹೇಗೆ ಎಂದು ಯಾರೋ ಕೇಳಿದರು. ಆಗ ಮೆಟ್ಟಿಲ ಮೇಲೆ ತಮಗೆ ಮಾತ್ರ ಕೇಳಿಸುತ್ತಿದ್ದ ಆ ದನಿ, ಹಿತ್ತಲಿಗೆಲ್ಲ ಕೇಳುವಂತೆ ಬಂತು. "ಎಲ್ರೂ ಕೂತ್ಕೊಳ್ಳಿ! ಕೂತ್ರೆ ಇದು ಸುಮ್ನಾಗತ್ತೆ. ಆಮೇಲೆ ನಾನು ಹೇಳಿದಾಗ ಒಬ್ಬೊಬ್ರೇ ತೆವಳಬೇಕು." ಅಷ್ಟೂ ಮಕ್ಕಳು, ಅವರ ನಡುವೆ ಅತ್ತೆಯವರೂ, ದೊಪ್ಪನೆ ಕೂತರು. ತಾವು ಅವಳು ಹೇಳಿದಂತೆಯೇ ಮಲಗಿದಿರಿ, ಒಬ್ಬ ತೆವಳಿದ ತಕ್ಷಣ ಎದ್ದು ಅವನನ್ನು ವಾಪಸು ತಂದಿರಿ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಮತ್ತೆ ಅವಳು ಹೊಸ ಉಪಾಯ ಹೇಳಿದಳು, ಮತ್ತೆ ತಾವು ಅದನ್ನು ಕೆಡಿಸಿದಿರಿ. ಕತ್ತಲಾಗುವವರೆಗೆ ನಡೆದದ್ದು ಇದೊಂದೇ ಆಟ. ಕೇಕನ್ನು ನಾನೇ ಮೂಲೆಗೆ ಹೊತ್ತೊಯ್ದು, ತಮ್ಮ ಅನುಮತಿ ಪಡೆದು, ತಮ್ಮ ಬೆನ್ನಿನ ಮೇಲಿಂದ ಕೈ ಚಾಚಿ ಹಂಚಬೇಕಾಯಿತು. ನನಗೆ ಅಳು ಬಂದಿತ್ತು. ಕಳ್ಳಿಯ ಹಿಂದೆ ನಿಂತು ಕಣ್ಣೊರೆಸಿಕೊಂಡೆ, ಹಸಿರು ಬಣ್ಣ ಕೆನ್ನೆಗೆ ಹತ್ತಿತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಾವು ಕೂಡಲೇ ನಮ್ಮ ಕ್ಲಿನಿಕ್ಕಿಗೆ ಬಂದು, ಹಲ್ಲು ಕೀಳಿಸಿಕೊಳ್ಳಲು ಬಂದು ಬಾಗಿಲಿನಿಂದಲೇ ಓಡುವವರನ್ನು ಕುರ್ಚಿಗೆ ತಲುಪಿಸುವ ಕೆಲಸ ವಹಿಸಿಕೊಳ್ಳಬೇಕು. ಬಿಡುವಿದ್ದಾಗ ಶಾಲೆಗಳಿಗೂ ಭೇಟಿ ಕೊಟ್ಟು, ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ ಒಂಟಿಯಾಗಿ ಡಬ್ಬಿ ಬಿಚ್ಚುವ ಮಕ್ಕಳ ಮಂಡಿಗಳನ್ನು ವಿಚಾರಿಸಿಕೊಳ್ಳಬೇಕು. ದೊಡ್ಡವರು ಕರೆಯುವ ಸಭೆಗಳಲ್ಲಿ ಬಾರದವರು ಯಾರೆಂದು ಮೂಸಿ ಹೇಳುವ ಅಧಿಕಾರವನ್ನು ತಮಗೆ ಕೊಡಬೇಕೆಂದು ನಾನೇ ಮೇಲಿನವರಿಗೆ ಬರೆಯಲು ಸಿದ್ಧಳಿದ್ದೇನೆ. ಇದಿಷ್ಟೂ ಕಷ್ಟವೆನಿಸಿದರೆ, ಕೊನೆಯ ಪಕ್ಷ, ಮಗಳನ್ನು ದಿನಕ್ಕೆ ಒಂದು ಗಳಿಗೆಯಾದರೂ ನನಗೆ ವಾಪಸು ಕೊಡಬೇಕು. ನಾಲ್ಕು ಗಂಟೆಯಾದರೆ ಸಾಕು ಹಿತ್ತಲಿನಿಂದ ಅವಳ ಹೆಸರು ಕೂಗುವ ಗಂಟಲುಗಳು ಶುರು. ಹಾಲಿನ ಲೋಟ ಅರ್ಧ ಕುಡಿದು, "ಬಂದೆ ಬಂದೆ!" ಎನ್ನುತ್ತಾ ನನ್ನ ಪಕ್ಕದಿಂದ ನುಸುಳಿ ಓಡುತ್ತಾಳೆ. ಎಷ್ಟು ದಿನ ಇದನ್ನೇ ಬೇಡಿಕೊಂಡೆನೋ, ಅದು ಕೈಗೂಡಿದ ಮೇಲೆ ಅಡುಗೆಮನೆ ಇಷ್ಟು ಬಿಕೋ ಎನ್ನುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಸಂತೋಷವಾಗಿದ್ದೇನೆ ಮಾನ್ಯರೇ, ಸುಳ್ಳು ಹೇಳುವುದಿಲ್ಲ, ಆದರೆ ತಮ್ಮ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಇದೆ.

ದೂರು ಕೊಡಲೆಂದು ಕೂತು ನಡುವೆ ದಾರಿ ತಪ್ಪಿದ,
ತಮ್ಮ ವಿಶ್ವಾಸಿ,
ಮೇಲ್ಮನೆಯಾಕೆ

ತಾ.ಕ.: ತಮ್ಮ ಕಾರ್ಯವೈಖರಿಯಲ್ಲಿ ಒಂದು ದೊಡ್ಡ ಲೋಪವನ್ನು ಗಮನಕ್ಕೆ ತರದಿದ್ದರೆ ಅಪಚಾರವಾದೀತು. ಆ ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಗೇಟಿನ ಉದ್ದಕ್ಕೂ ಒಬ್ಬರಿಂದೊಬ್ಬರು ಮಾರು ದೂರ ನಿಂತು, ತಂತಮ್ಮ ಫೋನಿನೊಳಗೆ ಮುಖ ಹುದುಗಿಸಿಕೊಂಡಿದ್ದರು. ನಾನೂ ಅವರಲ್ಲೊಬ್ಬಳಾಗಿ, ಬಾರದ ಕರೆಯೊಂದನ್ನು ಕಿವಿಗೆ ಹಿಡಿದು ನಿಂತಿದ್ದೆ. ತಾವು ನಮ್ಮೆದುರಿಗೇ ಹಾದುಹೋದಿರಿ, ಒಬ್ಬರ ಮಂಡಿಯನ್ನೂ ಮುಟ್ಟಲಿಲ್ಲ. ಇಂಥ ಪಕ್ಷಪಾತ ತಮಗೆ ಶೋಭಿಸುವುದಿಲ್ಲ. ನಾಳೆ ಸಂಜೆಯೂ ನಾಲ್ಕಕ್ಕೆ ಮಕ್ಕಳನ್ನು ಆಟಕ್ಕೆ ಬಿಟ್ಟು ನಾವು ಆ ಗೇಟಿನಲ್ಲಿಯೇ ನಿಂತಿರುತ್ತೇವೆ, ನಾನು ಎಡಗಡೆಯಿಂದ ಎರಡನೆಯವಳು.