ಎರಡೇ ಬಾಗಿಲಿನ ಕಾರು

"ಒಬ್ಬ ಮನುಷ್ಯನಿಗೆ ಎಷ್ಟು ಸೀಟು ಬೇಕು?"

ಖಲ್ದೂನ್ ಇದನ್ನು ಯಾರನ್ನೂ ಕುರಿತು ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ತನ್ನ ಏಳು ಸೀಟಿನ ವ್ಯಾನಿನಲ್ಲಿ ಒಬ್ಬನೇ ಕೂತು, ಸ್ಟಿಯರಿಂಗ್ ಹಿಡಿದುಕೊಂಡು, ಗಟ್ಟಿಯಾಗಿ ಕೇಳಿದ. ಹಿಂದಿನ ಸೀಟಿನ ಅಡಿಯಿಂದ ಯಾರದೋ ಸೌತೆಕಾಯಿಯೊಂದು ಉರುಳುತ್ತಾ ಬಂದು ಅವನ ಹಿಮ್ಮಡಿಗೆ ತಾಗಿ ನಿಂತಿತು.

ಅಮ್ಮಾನಿನ ಅಶ್ರಫಿಯ್ಯಾ ಬೆಟ್ಟದ ಬೀದಿಗಳು ಗೋಡೆಗೆ ಒರಗಿಸಿಟ್ಟ ಏಣಿಗಳಂತೆ ನಿಂತಿವೆ. ಇಳಿಯುವಾಗ ಮೊಣಕಾಲು ಬೈಯುತ್ತದೆ, ಹತ್ತುವಾಗ ಉಸಿರು ಬೈಯುತ್ತದೆ. ಅಂಥ ಬೀದಿಯಲ್ಲಿ ಏಳು ಸೀಟಿನ ವ್ಯಾನು ಇಟ್ಟುಕೊಂಡವನು ಮನುಷ್ಯನಲ್ಲ, ಸಾರ್ವಜನಿಕ ಸೌಕರ್ಯ. ಖಲ್ದೂನನ ಮನೆಯಲ್ಲಿರುವವರು ಅವನು, ಹೆಂಡತಿ ಅರೀಜ್, ಮಗ ಯಾಮಿನ್, ಮದುವೆಯಾಗದ ತಂಗಿ ಮೈಸೂನ್, ಇಷ್ಟೇ. ಆದರೆ ಅವನ ವ್ಯಾನು ಒಂದು ದಿನವೂ ಖಾಲಿ ಸೀಟಿನೊಡನೆ ಬೆಟ್ಟ ಇಳಿದದ್ದಿಲ್ಲ.

ಅವನಿಗೆ ಜನರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಒಂದೇ ವಿಷಯಕ್ಕೆ. ಅವನು ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಪಾರಾಯಣ ಕೇಳುತ್ತ ಬೆಳೆದವನು. ಓದುವವರು ಉಸಿರೆಳೆದುಕೊಳ್ಳುವ ಸದ್ದಿನಲ್ಲೇ ಇಂಥವರೆಂದು ಗುರುತು ಹಿಡಿಯುತ್ತಿದ್ದ. ಅವನು ನೀರಿನ ಕಚೇರಿಗೆ ಹೊರಡುವ ಹೊತ್ತಿಗೇ ಸರಿಯಾಗಿ ರೇಡಿಯೋದಲ್ಲಿ ಬೆಳಗಿನ ಕುರ್‌ಆನ್ ಪಾರಾಯಣ ಶುರುವಾಗುತ್ತಿತ್ತು. ಮೊದಲ ವಚನ ಮೇಲೆದ್ದು, ಎರಡನೆಯದು ತಿರುವು ತೆಗೆದುಕೊಳ್ಳುವಷ್ಟರಲ್ಲಿ ಬೀದಿಯ ತಿರುವೂ ಬರುತ್ತಿತ್ತು. ಅಲ್ಲಿ ನೆರೆಯ ಉಮ್ ರಾಜಿಹ್ ಉಪ್ಪಿನಕಾಯಿ ಡಬ್ಬಗಳೊಂದಿಗೆ ಹತ್ತುತ್ತಿದ್ದಳು. ಬೀದಿಯವರಿಗೆಲ್ಲ ಖಲ್ದೂನ್ 'ಅಬು ಯಾಮಿನ್', ಎಂದರೆ ಯಾಮಿನ್‌ನ ಅಪ್ಪ.

"ಅಬು ಯಾಮಿನ್, ಆ ರೇಡಿಯೋ ಆರಿಸಪ್ಪಾ. ಪಾರಾಯಣ ಆಗ್ತಿರುವಾಗ ಮಾತಾಡಿದ್ರೆ ಪಾಪ ಸುತ್ಕೊಳ್ಳುತ್ತೆ."

"ಹಾಗಾದ್ರೆ ಮಾತಾಡದೇ ಇರಬಹುದಲ್ವಾ, ಉಮ್ ರಾಜಿಹ್?"

"ಮಾತಾಡದೇ ಇರೋಕೆ ನಾನೇನು ಸತ್ತಿದ್ದೀನಾ?"

ರೇಡಿಯೋ ಆರುತ್ತಿತ್ತು. ಉಮ್ ರಾಜಿಹ್‌ಳ ಮೊಣಕಾಲಿನ ಕತೆ ಹೊತ್ತಿಕೊಳ್ಳುತ್ತಿತ್ತು. ಹೀಗೆ ವರ್ಷಗಟ್ಟಲೆ ಖಲ್ದೂನ್ ಒಂದು ಅಧ್ಯಾಯವನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದ್ದಿಲ್ಲ. ಆ ಶುಕ್ರವಾರ ಅವನು ಸೌತೆಕಾಯಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಸೇನಾಪತಿಯಂತೆ ಎದೆಯುಬ್ಬಿಸಿ ಮನೆಯೊಳಗೆ ಬಂದ.

"ವ್ಯಾನು ಮಾರ್ತೀನಿ. ಇವತ್ತೇ. ನಮಗೆ ದಿನಾ ಏನು ಬೇಕು? ಕಚೇರಿ, ಶಾಲೆ, ಆಸ್ಪತ್ರೆ, ತರಕಾರಿ. ಅದಕ್ಕೆ ಪುಟ್ಟ ಕಾರು ಸಾಕು. ಕಡಿಮೆ ಪೆಟ್ರೋಲ್ ಕುಡೀಬೇಕು, ಸಂದಿಯಲ್ಲಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ, ಎರಡೇ ಬಾಗಿಲಿರಬೇಕು."

"ಎರಡೇ ಯಾಕೆ?" ಎಂದಳು ಅರೀಜ್, ರೊಟ್ಟಿಯ ಮೇಲೆ ಜಾಅತರ್ ಪುಡಿ ಉದುರಿಸುತ್ತ.

"ಹಿಂದೆ ಹತ್ತಬೇಕಾದ್ರೆ ಮುಂದಿನ ಸೀಟು ಮಡಚಿ, ಸೊಂಟ ಮಡಚಿ ನುಗ್ಗಬೇಕು. ನಮ್ಮ ಬೀದಿಯಲ್ಲಿ ಯಾರ ಸೊಂಟ ಮಡಚುತ್ತೆ ಹೇಳು ನೋಡೋಣ?"

ಮೈಸೂನ್ ನಕ್ಕಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಬೀದಿಯ ಸೊಂಟಗಳೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. "ಲೆಕ್ಕಾಚಾರ ಏನೋ ಭರ್ಜರಿಯಾಗಿದೆ ಅಣ್ಣ. ಆದ್ರೆ ಸುದ್ದಿ ಹೊರಗೆ ಹೋದ್ರೆ ಕೆಟ್ಟೆ."

ಸುದ್ದಿ ಆಗಲೇ ಹೋಗಿತ್ತು. ಅಡುಗೆಮನೆಯ ಕಿಟಕಿ ಉಮ್ ರಾಜಿಹ್‌ಳ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಖಲ್ದೂನ್ ಚಹಾ ಮುಗಿಸಿ ಕೆಳಗಿಳಿದಾಗ ವ್ಯಾನಿನಲ್ಲಿ ಮೂವರು ಕೂತಾಗಿತ್ತು. ಮುಂದಿನ ಸೀಟಿನಲ್ಲಿ ಬೀದಿಯ ಹಿರಿಯ ಹಾಜಿ ಮಿತ್ಕಾಲ್, ತಲೆವಸ್ತ್ರದ ಮೇಲೆ ಕಪ್ಪು ಸುರುಳಿ ಬಿಗಿದುಕೊಂಡು, ಮದುವೆಯ ದಿಬ್ಬಣಕ್ಕೆ ಹೊರಟವರಂತೆ. ನಡುವೆ ಉಮ್ ರಾಜಿಹ್, ತೊಡೆಯ ಮೇಲೆ ಆಲಿವ್ ಎಣ್ಣೆಯ ಖಾಲಿ ಡಬ್ಬ. ಹಿಂದೆ ಅಬು ಹಮ್ದಿ. ಅವನು ಟ್ಯಾಕ್ಸಿ ಓಡಿಸುತ್ತಿದ್ದವನು. ಈಚೆಗೆ ಕಣ್ಣು ಮಂಜಾಗಿ ಕಂಬಕ್ಕೂ ಸಲಾಂ ಹೇಳುತ್ತಿದ್ದ.

"ಕಾರು ತಗೊಳ್ಳೋನು ಒಬ್ಬನೇ ಹೋಗಬಾರದು ಮಗಾ," ಎಂದರು ಹಾಜಿ. "ಮೋಸ ಹೋಗ್ತಾನೆ."

"ವ್ಯಾನು ಮಾರಿದ್ಮೇಲೆ ವಾಪಸ್ಸು ಹೇಗೆ ಬರ್ತೀರಿ ಹಾಜಿಯವರೇ?"

"ದೇವರಿದ್ದಾನೆ," ಎಂದು ಹಾಜಿ ಬಾಗಿಲೆಳೆದುಕೊಂಡರು.

ಶುಕ್ರವಾರದ ಕಾರು ಸಂತೆ ನಮಾಜು ಬಿಟ್ಟ ಮಸೀದಿಯ ಅಂಗಳದಂತೆ ಕಿಕ್ಕಿರಿದಿತ್ತು. ಸಲಹೆಗಾರರು ಕೆಲಸ ಶುರುಮಾಡಿದರು. ಅಬು ಹಮ್ದಿ ಒಂದು ದೊಡ್ಡ ಜೀಪಿನ ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಆಹಾ! ಇಂಜಿನ್ನು ಪಾರಿವಾಳದ ಹಾಗೆ ಗುಟುರು ಹಾಕ್ತಿದೆ. ಇದನ್ನೇ ತಗೋ," ಎಂದ. ಜೀಪಿನವನು ಇನ್ನೂ ಬೀಗದಕೈ ಹುಡುಕುತ್ತಿದ್ದ. ಉಮ್ ರಾಜಿಹ್ ಪ್ರತಿ ಕಾರಿನ ಹಿಂಬಾಗಿಲನ್ನೂ ತೆಗೆಸಿ ಒಳಗೆ ತನ್ನ ಡಬ್ಬ ಇಟ್ಟು ನೋಡಿದಳು. "ಇದ್ರಲ್ಲಿ ಆರು ಡಬ್ಬ ಹಿಡಿಯುತ್ತೆ. ಅದ್ರಲ್ಲಿ ನಾಲ್ಕೇ. ನಾಲ್ಕು ಡಬ್ಬದ ಕಾರು ಯಾರಿಗೆ ಬೇಕು?" ಹಾಜಿ ಮಿತ್ಕಾಲರದು ಬೇರೆಯೇ ಪರೀಕ್ಷೆ. ಕಾರಿನೊಳಗೆ ಕೂತು ಬೆನ್ನು ನೆಟ್ಟಗೆ ಮಾಡುವರು, ತಲೆಯ ಮೇಲಿನ ಸುರುಳಿ ಚಾವಣಿಗೆ ತಗುಲಿದರೆ ಆ ಕಾರು ಅನರ್ಹ.

ಖಲ್ದೂನ್ ಯಾವ ವಾದಕ್ಕೂ ಇಳಿಯಲಿಲ್ಲ. ಎಲ್ಲರಿಗೂ "ಹೂಂ" ಎನ್ನುತ್ತ, ಸಂತೆಯ ಮೂಲೆಯಲ್ಲಿ ನಿಂತಿದ್ದ ನಿಂಬೆ ಬಣ್ಣದ ಪುಟ್ಟ ಕಾರಿನ ಮುಂದೆ ಹೋಗಿ ನಿಂತ. ಎರಡೇ ಬಾಗಿಲು. ಸಾಬೂನು ಡಬ್ಬಿಗೆ ಚಕ್ರ ಕಟ್ಟಿದಂತಿತ್ತು. ಹಿಂದೆ ಇಬ್ಬರು ಕೂರಬಹುದು, ಇಬ್ಬರೂ ಉಪವಾಸವಿದ್ದರೆ.

"ಹಾಜಿಯವರೇ, ಹಿಂದಿನ ಸೀಟು ಒಂಚೂರು ನೋಡ್ತೀರಾ?" ಎಂದ ಬಹಳ ವಿನಯದಿಂದ.

ಹಾಜಿ ನೋಡಿದರು. ಹೋಗುವಾಗ ತಲೆ ಮೊದಲು ಹೋಯಿತು, ಬರುವಾಗ ಯಾವುದನ್ನು ಮೊದಲು ತರಬೇಕೆಂದು ಅವರಿಗೆ ತಿಳಿಯಲಿಲ್ಲ. ಕಾಲೊಂದು ಹೊರಬಂದು ಗಾಳಿಯಲ್ಲಿ ನೆಲ ಹುಡುಕಿತು. ಅಬು ಹಮ್ದಿ ಅದನ್ನು ಕೈಯೆಂದು ತಿಳಿದು ಕುಲುಕಿದ. ಕೊನೆಗೆ ಕಾರಿನವನು, ಖಲ್ದೂನ್, ಉಮ್ ರಾಜಿಹ್ ಮೂವರೂ ಸೇರಿ ಬಾಟಲಿಯಿಂದ ಬಿರಡೆ ಕಿತ್ತಂತೆ ಅವರನ್ನು ಎಳೆದುಕೊಂಡರು.

"ಇದು ಕಾರಲ್ಲ, ಶೂ!" ಎಂದು ಹಾಜಿ ಏದುಸಿರು ಬಿಟ್ಟರು.

"ಇದೇ ನನಗೆ ಬೇಕಾದ್ದು," ಎಂದ ಖಲ್ದೂನ್.

ವ್ಯಾಪಾರ ಮುಗಿಯಿತು. ವ್ಯಾನನ್ನು ಸಂತೆಯ ದಲ್ಲಾಳಿಯೊಬ್ಬ ಇಟ್ಟುಕೊಂಡ. ಜಗಳವಾಗುತ್ತದೆ, ಅಳು ಬರುತ್ತದೆ, ಹಳೆಯ ಉಪಕಾರಗಳೆಲ್ಲ ಎದ್ದು ಬರುತ್ತವೆ ಎಂದು ಖಲ್ದೂನ್ ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಒಂದೂ ಬೇಕಾಗಲಿಲ್ಲ. ಮೂವರೂ ಮಿನಿಬಸ್ಸಿನ ದಾರಿ ತಮಗೆ ಗೊತ್ತೆಂದರು. ಹಾಜಿ ಮಾತ್ರ ಅವನ ಹೆಗಲ ಮೇಲೆ ಕೈಯಿಟ್ಟು, "ಮಗ್ರಿಬ್ ನಮಾಜು ಆದ್ಮೇಲೆ ನಾವು ನಾಲ್ಕು ಜನ ನಿನ್ನ ಮನೆಗೆ ಬರ್ತೀವಿ. ಒಂದು ಮಾತು ಕೇಳೋದಿದೆ. ಕಾಫಿ ಇಟ್ಟಿರು," ಎಂದರು.

ಖಲ್ದೂನನ ಕಣ್ಣು ಅರಳಿತು. ಮದುವೆಯಾಗದ ತಂಗಿ ಇರುವ ಮನೆಗೆ ಹಿರಿಯರು ಕೂಡಿಕೊಂಡು ಬಂದು, ಒಂದು ಮಾತಿದೆ, ಕಾಫಿ ಇಟ್ಟಿರು ಎಂದರೆ ಅದೇನೆಂದು ಕೇಳುವ ಅಗತ್ಯವುಂಟೇ?

ಅವನು ಒಬ್ಬನೇ ಮನೆಗೆ ಹೊರಟ. ರೇಡಿಯೋ ಹಾಕಿದ. ಶುಕ್ರವಾರದ ಪಾರಾಯಣ ಆಗಷ್ಟೇ ಶುರುವಾಗಿತ್ತು. ಮೊದಲ ವಚನ, ಎರಡನೆಯದು, ಮೂರನೆಯದು. ಯಾರೂ ಮೊಣಕಾಲಿನ ಸುದ್ದಿ ಎತ್ತಲಿಲ್ಲ. ಪಾರಾಯಣದ ದನಿ ಮೇಲೇರಿ, ತಂಗಿ, ಮತ್ತೆ ಏರಿತು. ನಿಂಬೆ ಬಣ್ಣದ ಕಾರೂ ಅದರ ಹಿಂದೆಯೇ ಬೆಟ್ಟ ಏರಿತು. ಮನೆಯ ಮುಂದೆ ನಿಂತಮೇಲೂ ಅವನು ಇಳಿಯಲಿಲ್ಲ. ಅಧ್ಯಾಯ ಮುಗಿದು ಮೌನ ಬಂತು. ಅಜ್ಜ ತೀರಿಕೊಂಡ ಮೇಲೆ ಅಂಥ ಮೌನವನ್ನು ಅವನು ಕೇಳಿದ್ದೇ ಇಲ್ಲ. ಕೆನ್ನೆ ಒರೆಸಿಕೊಂಡು ಮೇಲೆ ಹೋದ.

"ಮೈಸೂನ್, ಸಂಜೆ ನಿನ್ನ ಕೇಳೋಕೆ ಬರ್ತಿದ್ದಾರೆ!"

"ಯಾರಿಗೆ?"

"ಇನ್ಯಾರಿಗೆ? ಔಷಧಿ ಅಂಗಡಿ ಸುಹೈಲ್‌ಗೆ. ನೀನು ಬೆಳಗ್ಗೆ ಎಷ್ಟೊತ್ತಿಗೆ ಹೊರಡ್ತೀಯ ಅಂತ ಮೊನ್ನೆ ನಿನ್ನನ್ನೇ ಕೇಳಲಿಲ್ವಾ?"

"ಅವನು ಕೇಳಿದ್ದು ವ್ಯಾನು ಎಷ್ಟೊತ್ತಿಗೆ ಹೊರಡುತ್ತೆ ಅಂತ."

"ನಾಚಿಕೆ ಇರೋ ಗಂಡಸರು ಹಾಗೇ ಕೇಳೋದು. ನನಗೆ ಗೊತ್ತಿಲ್ವಾ?"

ಮೈಸೂನ್ ಅಣ್ಣನ ಮುಖವನ್ನೇ ನೋಡಿದಳು. "ಸರಿ. ಆದ್ರೆ ಮದುವೆ ಮಾತಾದ್ರೆ ನನ್ನ ಕೇಳದೆ ಹೂಂ ಅನ್ನಬೇಡ. ಅಂದ್ರೆ ದಂಡ ಹಾಕ್ತೀನಿ."

"ಹಾಕು, ಹಾಕು," ಎಂದು ಖಲ್ದೂನ್ ಏಲಕ್ಕಿ ಕುಟ್ಟಲು ಹೋದ.

ಮಗ್ರಿಬ್ ಆಯಿತು. ಹಾಜಿ ಮಿತ್ಕಾಲ್, ಅಬು ಹಮ್ದಿ, ಡಬ್ಬ ಹಿಡಿದ ಉಮ್ ರಾಜಿಹ್ ಬಂದರು. ನಾಲ್ಕನೆಯವನಾಗಿ ಒಳಗೆ ಕಾಲಿಟ್ಟವನು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸುಹೈಲ್! ಖಲ್ದೂನ್ ತಂಗಿಯ ಕಡೆ ಗೆಲುವಿನ ನೋಟ ಎಸೆದ. ಅವಳು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು.

ಖಲ್ದೂನ್ ಮೊದಲ ಬಟ್ಟಲು ಕಾಫಿ ಬಗ್ಗಿಸಿ ಹಾಜಿಯ ಕೈಗೆ ಕೊಟ್ಟ. ಹಾಜಿ ಅದನ್ನು ತುಟಿಗೆ ತರಲಿಲ್ಲ. ಎಲ್ಲರೂ ಕಾಣುವಂತೆ, ನಿಧಾನವಾಗಿ, ಮುಂದಿನ ಮೇಜಿನ ಮೇಲಿಟ್ಟರು. ಉಳಿದವರೂ ಇಟ್ಟರು. ಕೇಳಲು ಬಂದದ್ದು ಸಿಗುವ ತನಕ ಹಿರಿಯರು ಕಾಫಿ ಮುಟ್ಟುವುದಿಲ್ಲ. ಅವರ ಕಾಫಿ ಆರುವಂತೆ ಬಿಟ್ಟ ಮನೆಯವನು ಮಾರನೆಯ ದಿನ ಬೀದಿಯಲ್ಲಿ ತಲೆಯೆತ್ತುವಂತಿಲ್ಲ.

"ಅಬು ಯಾಮಿನ್," ಹಾಜಿ ದನಿ ಏರಿಸಿದರು, ಹಳೆಯ ಕಾವ್ಯ ಹೇಳುವವರಂತೆ. "ನಿನ್ನ ತಂದೆ ದೊಡ್ಡ ಮನಸ್ಸಿನವನು. ನಿನ್ನ ಅಜ್ಜ ಇನ್ನೂ ದೊಡ್ಡವನು. ಅವನ ಮನೆ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋದದ್ದಿಲ್ಲ. ಇವತ್ತು ನಾವು ಒಂದು ಆಸೆ ಇಟ್ಕೊಂಡು ಬಂದಿದ್ದೀವಿ..."

ಅಜ್ಜನ ಹೆಸರು ಕೇಳಿ ಖಲ್ದೂನನ ಎದೆ ಹಿಗ್ಗಿತು. ಮಾತು ಮುಗಿಯುವವರೆಗೆ ಕಾಯುವುದು ಸಣ್ಣ ಮನಸ್ಸಿನವರ ಲಕ್ಷಣ. ಅವನು ಎದ್ದು ನಿಂತ.

"ಕಾಫಿ ಕುಡೀರಿ ಹಾಜಿಯವರೇ! ಏನು ಅಂತ ಕೇಳೋದೂ ಇಲ್ಲ. ನೀವು ಕೇಳೋಕೆ ಬಂದದ್ದು ಆಯ್ತು, ಕೊಟ್ಟೆ!"

"ಅಣ್ಣ!" ಎಂದಳು ಮೈಸೂನ್.

ಆದರೆ ಹಾಜಿ ಆಗಲೇ ಕುಡಿದಿದ್ದರು. ನಾಲ್ಕೂ ಬಟ್ಟಲು ಒಂದೇ ಗುಟುಕಿಗೆ ಬರಿದಾದವು. ಹಾಜಿ ಮೀಸೆ ಒರೆಸಿಕೊಂಡು, "ದೇವರು ನಿನ್ನ ಚೆನ್ನಾಗಿಟ್ಟಿರಲಿ. ಕಿಟಕಿಯಿಂದ ಕೆಳಗೆ ನೋಡು," ಎಂದರು.

ಕೆಳಗೆ, ನಿಂಬೆ ಬಣ್ಣದ ಕಾರಿನ ಪಕ್ಕದಲ್ಲಿ, ಕರುವಿನ ಪಕ್ಕ ಎಮ್ಮೆಯಂತೆ ಅವನ ವ್ಯಾನು ನಿಂತಿತ್ತು.

"ಬೀದಿಯವರ ಚೀಟಿ ದುಡ್ಡಿತ್ತಲ್ಲ, ಅದರಲ್ಲಿ ಬಿಡಿಸ್ಕೊಂಡ್ವಿ. ದಲ್ಲಾಳಿಯ ಹುಡುಗನೇ ತಂದು ನಿಲ್ಲಿಸಿ ಹೋದ," ಎಂದಳು ಉಮ್ ರಾಜಿಹ್ ಸಡಗರದಿಂದ. "ಇನ್ಮೇಲೆ ಅದು ನಿನ್ನದಲ್ಲ, ಎಲ್ಲರದು. ನಿನ್ನ ತಲೆನೋವು ತಪ್ಪಿತು!"

"ತುಂಬಾ ಸಂತೋಷ," ಎಂದ ಖಲ್ದೂನ್ ತಬ್ಬಿಬ್ಬಾಗಿ. "ಮತ್ತೆ... ಕೇಳೋಕೆ ಬಂದದ್ದು?"

"ಓಡಿಸೋರು ಬೇಕಲ್ಲ ಮಗಾ," ಎಂದರು ಹಾಜಿ. "ಅಬು ಹಮ್ದಿಗೆ ಕಣ್ಣಿಲ್ಲ. ನನಗೆ ಲೈಸೆನ್ಸ್ ಇಲ್ಲ. ದಿನಾ ಬೆಳಗ್ಗೆ ನೀನೇ ಓಡಿಸಬೇಕು ಅಂತ ಕೇಳೋಕೆ ಬಂದ್ವಿ. ನಾವು ಕೇಳೋ ಮೊದಲೇ ನೀನು ಕೊಟ್ಟುಬಿಟ್ಟೆ. ಥೇಟ್ ನಿಮ್ಮಜ್ಜ!"

ಖಲ್ದೂನ್ ಕೊನೆಯ ಹುಲ್ಲುಕಡ್ಡಿಯೆಂಬಂತೆ ಸುಹೈಲನ ಕಡೆ ತಿರುಗಿದ. "ಮತ್ತೆ ನೀನು ಯಾಕಪ್ಪಾ ಬಂದೆ?"

"ಔಷಧಿ ಪೆಟ್ಟಿಗೆಗಳಿದ್ವು ಅಣ್ಣ," ಎಂದ ಸುಹೈಲ್ ನಾಚುತ್ತ. "ಪೇಟೆಯಿಂದ ಬೆಳಗ್ಗೆ ತರಬೇಕು. ಹಿಂದಿನ ಸೀಟು ಸಿಕ್ಕಿದ್ರೆ..."

ಬಾಗಿಲ ಬಳಿಯಿಂದ ಮೈಸೂನ್ ಬಂದಳು. ಮೊಳೆಗೆ ನೇತುಹಾಕಿದ್ದ ನಿಂಬೆ ಬಣ್ಣದ ಕಾರಿನ ಬೀಗದಕೈ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೆ?" ಎಂದ ಖಲ್ದೂನ್.

"ದಂಡ. ನನ್ನ ಕೇಳದೆ ಹೂಂ ಅಂದೆಯಲ್ಲ. ಹೇಗೂ ಬೆಳಗ್ಗೆ ನೀನು ವ್ಯಾನಿನಲ್ಲಿ ಹೋಗ್ತೀಯ. ಯಾಮಿನ್‌ನ ನಾನೇ ಶಾಲೆಗೆ ಬಿಡ್ತೀನಿ. ರೇಡಿಯೋ ಚೆನ್ನಾಗಿದೆಯಂತೆ, ಅಲ್ವಾ?"

ಅರೀಜ್ ಸೆರಗಿನಂತೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಖಲ್ದೂನ್ ಕಿಟಕಿಯಿಂದ ವ್ಯಾನನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮತ್ತೆ ಎದೆಯುಬ್ಬಿತು. ಸೋತರೂ ಒಂದು ದಾರಿ ಅವನಿಗೆ ಹೊಳೆದಿತ್ತು. ತನಗೊಂದು ಬಟ್ಟಲು ಬಗ್ಗಿಸಿಕೊಂಡು ಹಿರಿಯರ ಎದುರಿಗೆ ಕೂತ. ಕುಡಿಯಲಿಲ್ಲ. ಎಲ್ಲರೂ ಕಾಣುವಂತೆ, ನಿಧಾನವಾಗಿ, ಮೇಜಿನ ಮೇಲಿಟ್ಟ.

"ನನಗೂ ಒಂದು ಆಸೆ ಇದೆ. ಅದು ಆಗೋವರೆಗೆ ನಾನೂ ಈ ಕಾಫಿ ಮುಟ್ಟಲ್ಲ."

ಹಾಜಿ ಗಂಭೀರರಾದರು. "ಹೇಳು."

"ವ್ಯಾನು ಓಡಿಸ್ತೀನಿ. ಎಲ್ಲರನ್ನೂ ಹತ್ತಿಸ್ಕೋತೀನಿ. ಡಬ್ಬ, ಪೆಟ್ಟಿಗೆ ಎಲ್ಲಾ ಹೊರ್ತೀನಿ. ಆದ್ರೆ ಬೆಳಗಿನ ಪಾರಾಯಣ ಮುಗಿಯೋವರೆಗೆ ರೇಡಿಯೋ ಆರಿಸೋದು ಬೇಡ. ಒಂದು ಅಧ್ಯಾಯ. ಅಷ್ಟು ಹೊತ್ತು ಯಾರೂ ಮಾತಾಡಬಾರದು."

ಹಾಜಿ ಅಬು ಹಮ್ದಿಯ ಮುಖ ನೋಡಿದರು. ಅಬು ಹಮ್ದಿ ಸುಹೈಲನ ಮುಖ ಇರಬಹುದಾದ ಕಡೆ ನೋಡಿದ. ಆಮೇಲೆ ಎಲ್ಲರೂ ಉಮ್ ರಾಜಿಹ್‌ಳ ಕಡೆ ತಿರುಗಿದರು. ಅವಳು ಡಬ್ಬವನ್ನು ಕಂಕುಳಿಗೆ ಸೇರಿಸಿ, ಮೊಣಕಾಲು ಹಿಡಿದು ಎದ್ದಳು. ಮೇಜಿನ ಮೇಲಿದ್ದ ಬಟ್ಟಲನ್ನು ಒಂದು ಬೆರಳಿನಿಂದ ಖಲ್ದೂನನ ಕಡೆಗೆ ಮೆಲ್ಲಗೆ ತಳ್ಳಿದಳು.

"ಆಗಲ್ಲ ಮಗಾ. ಆರಲಿ ಬಿಡು."