ಐದೆಸಳಿನ ಕ್ಯಾರೆಟ್

ತಾಮ್ ತನ್ನ ಗಂಡನ ಹೆಸರು ಕೇಳುವ ಮೊದಲೇ ಅತ್ತೆಯ ಉಪ್ಪಿನಕಾಯಿಯ ಕೀರ್ತಿ ಕೇಳಿದ್ದಳು. ಸಾ ಡೆಕ್ ಪಟ್ಟಣದಿಂದ ಬಂದ ಮದುವೆ ದಲ್ಲಾಳಿ ಹೆಂಗಸು ಬಾಯಿ ಬಿಡುವ ಮೊದಲು ಜಾಡಿಯ ಬಾಯಿ ಬಿಚ್ಚಿದಳು. ಸಕ್ಕರೆ ಬೆರೆಸಿದ ಮೀನಿನ ರಸದಲ್ಲಿ ಮೂಲಂಗಿ, ಹಸಿ ಪರಂಗಿ, ಐದೆಸಳಿನ ಹೂವಾಗಿ ಕೊರೆದ ಕ್ಯಾರೆಟ್ಟು.

"ಕ್ಯಾರೆಟ್ಟು ಕಣ್ಣಿಗೆ, ಮೂಲಂಗಿ ಹೊಟ್ಟೆಗೆ. ಇಂಥಾ ಕೈ ಇರೋ ಅತ್ತೆ ಸಿಗೋಕೆ ಪುಣ್ಯ ಬೇಕು ಕಣಮ್ಮ!"

(ಹುಡುಗನ ವಿಷಯ ಕೇಳಿದ್ದಕ್ಕೆ "ಅವನೂ ಇದಾನೆ" ಎಂದಳು.)

ಮದುವೆಯಾದ ವರ್ಷ ಹೊಸವರ್ಷದ ತೆತ್ ಹಬ್ಬ ಹತ್ತಿರ ಬಂದಾಗ ಅತ್ತೆ ಚಾಕುವನ್ನು ರಾಜದಂಡದಂತೆ ಸೊಸೆಯ ಕೈಗಿತ್ತರು.

"ಇನ್ಮೇಲೆ ಇದು ನಿನ್ನ ರಾಜ್ಯ. ಕೊಬ್ಬಿನ ಹಂದಿಮಾಂಸ ಅರಗ್ಬೇಕಾದ್ರೆ ಪಕ್ಕದಲ್ಲಿ ಈ ಉಪ್ಪಿನಕಾಯಿ ಇರ್ಬೇಕು. ನೆಂಟರು ಮೊದಲು ನೋಡೋದೂ ಇದನ್ನೇ. ಮನೆ ಮಾನ ಹುಷಾರು!"

ತಾಮ್ ಕೊರೆದ ಹೂವು ಏಡಿಯಂತೆ ಕಂಡಿತು. ಬಿಸಿಲು ಸಾಲದ ಮೂಲಂಗಿ ಮೂರೇ ದಿನಕ್ಕೆ ಲೋಳೆಯಾಗಿ ನಾರಿತು. ಹಂದಿಗೆ ಹಾಕಿದರೆ ಹಂದಿಯೂ ಮೂಸಿ ಮುಖ ತಿರುಗಿಸಿತು. ಆಗ ನೆನಪಾದದ್ದು ಸಂತೆಯಲ್ಲಿ ಉಪ್ಪಿನಕಾಯಿ ಮಾರುವ ಹಾಯಕ್ಕ. ಅವಳ ಅಂಗಡಿಯಲ್ಲೂ ಹೂವಿಗೆ ಐದೇ ಎಸಳು! (ಅದೃಷ್ಟವೆಂದರೆ ಇದೇ ಅಂದುಕೊಂಡಳೇ ಹೊರತು ತಲೆಗೆ ಬೇರೇನೂ ಹೊಳೆಯಲಿಲ್ಲ.) ಗುಟ್ಟಾಗಿ ಕೊಂಡು ತಂದು ಜಾಡಿಗೆ ಸುರಿದು, ಕೊರೆದೂ ಕೊರೆದೂ ಬೆರಳು ಕುಯ್ದುಕೊಂಡವಳಂತೆ ಬಟ್ಟೆ ಸುತ್ತಿಕೊಂಡಳು.

ಅತ್ತೆ ಒಂದು ಹೂ ಕಚ್ಚಿ ಕಣ್ಣು ಮುಚ್ಚಿದರು. "ಥೇಟ್ ನನ್ನ ಕೈಯೇ!"

ಹೀಗೆ ಇಪ್ಪತ್ತಾರು ಹಬ್ಬ ಕಳೆದವು. ನಡುವೆ ಗಂಡ ತೀರಿಕೊಂಡ. ಬೆರಳಿಗೆ ಬಟ್ಟೆ ಸುತ್ತುವುದು ಮಾತ್ರ ತಪ್ಪಲಿಲ್ಲ. ಅತ್ತೆಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆಂಬ ಭಯ ವರ್ಷ ವರ್ಷವೂ ಹೊಸದು.

ಮಗನಿಗೆ ಹುಡುಗಿ ಗೊತ್ತಾದ ವರ್ಷ ಅತ್ತೆ ಹಾಸಿಗೆ ಹಿಡಿದರು. ಗಂಜಿಯೂ ಸೇರದಾಯಿತು. "ಒಂದು ಹೂ ಕೊಡೇ" ಎಂದರು. ಕೊಡುವಾಗ ತಾಮ್ ಅತ್ತೇಬಿಟ್ಟಳು.

"ಅತ್ತೆ, ತಪ್ಪಾಯ್ತು. ಇದು ನಾನು ಮಾಡಿದ್ದಲ್ಲ..."

"ಗೊತ್ತು. ಸಂತೆ ಹಾಯಳ್ದು. ಈ ಸಲ ಸಕ್ಕರೆ ಜಾಸ್ತಿ ಸುರಿದಿದಾಳೆ. ಅವಳಮ್ಮ ಹೀಗೆ ಮಾಡ್ತಿರ್ಲಿಲ್ಲಪ್ಪ. ನಾನು ಆ ಅಮ್ಮನ ಹತ್ರಾನೇ ತರ್ತಿದ್ದೆ."

ತಾಮ್ ಬಟ್ಟೆ ಸುತ್ತಿದ ಬೆರಳು ಎತ್ತಿ ಹಿಡಿದಳು. "ಮತ್ತೆ... ಇಷ್ಟು ವರ್ಷ ನನ್ನ ಬೆರಳಿನ ಬಟ್ಟೆ?"

"ನೋಡಿ ನಗು ತಡೆಯೋದೇ ಕಷ್ಟ ಆಗ್ತಿತ್ತು. ಬಲಗೈಲಿ ಚಾಕು ಹಿಡಿಯೋಳು ಬಲಗೈಗೇ ಬಟ್ಟೆ ಸುತ್ಕೋತಾಳೇನೇ, ಪೆದ್ದಿ! ನಾನು ಎಡಗೈಗೆ ಸುತ್ಕೋತಿದ್ದೆ."

ಹೂವನ್ನು ನಿಧಾನವಾಗಿ ಅಗಿದು ನುಂಗಿ, ಸೊಸೆಯ ಕೈ ಹಿಡಿದುಕೊಂಡು ಅತ್ತೆ ಕೊನೆಯದಾಗಿ ಕೇಳಿದ್ದು ಇಷ್ಟೇ:

"ನಿನ್ನ ಸೊಸೆ ಬಂದ್ಮೇಲೆ ಚಾಕು ಅವಳ ಕೈಗೆ ಕೊಟ್ಬಿಡು. ಎಡಗೈ ಅಂತ ಮಾತ್ರ ಹೇಳ್ಕೊಡ್ಬೇಡ."